ಪೆಟ್ರೋಲಿನಿಂದ ಸೀಸವನ್ನು ಹೊರಹಾಕಿದ್ದು ಹೇಗೆ?

2000ದ ಫೆಬ್ರುವರಿ 1ರಿಂದ ಭಾರತದ ಬಂಕುಗಳಲ್ಲಿ ವಾಹನಗಳಿಗೆ ಸಿಗುತ್ತಿರುವುದು ಸೀಸರಹಿತ ಪೆಟ್ರೋಲು. ದೇಶ ಈ ಹಂತವನ್ನು ತಲುಪಲು ಸುಮಾರು ಆರು ವರ್ಷ ಬೇಕಾಯಿತು. ಅಷ್ಟು ಕಾಲ ಹಿಡಿದದ್ದೇಕೆ ಎಂಬುದು ಆ ಬದಲಾವಣೆ ನಡೆದ ಕ್ರಮದಿಂದಲೇ ತಿಳಿಯುತ್ತದೆ.

ಮೊದಲು ಸೀಸ ಅಲ್ಲಿಗೆ ಬಂದದ್ದೇಕೆಂದು ನೋಡೋಣ. ಸಿಲಿಂಡರಿನೊಳಗೆ ಪೆಟ್ರೋಲು ಮತ್ತು ಗಾಳಿಯ ಮಿಶ್ರಣವು ಕಿಡಿ ತಾಗಿದ ಕಡೆಯಿಂದ ಒಂದೇ ಸಮನೆ ಉರಿಯುತ್ತಾ ಹೋಗಬೇಕು. ಅದರ ಬದಲು, ಒತ್ತಡಕ್ಕೂ ಕಾವಿಗೂ ಸಿಕ್ಕಿ ಉಳಿದ ಭಾಗ ತಾನಾಗಿ ಹೊತ್ತಿಕೊಂಡರೆ ಎಂಜಿನ್ ಬಡಿದುಕೊಳ್ಳುತ್ತದೆ, ಶಕ್ತಿಯೂ ನಷ್ಟವಾಗುತ್ತದೆ. ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಜ್ಲಿ 1921ರಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ದ್ರವದ ಸ್ವಲ್ಪ ಬೆರಕೆಯಿಂದ ಇದನ್ನು ತಡೆಯಬಹುದೆಂದು ಕಂಡುಕೊಂಡರು. ಹಾಗೆ ಬೆರೆತ ಸೀಸವು ಹೊಗೆಯೊಂದಿಗೆ ಹೊರಬಿದ್ದು, ಗಾಳಿಗೂ ಮಣ್ಣಿಗೂ ಸೇರಿ, ಮಕ್ಕಳ ರಕ್ತವನ್ನು ತಲುಪಿ, ಬೆಳೆಯುವ ಮಿದುಳಿಗೆ ಮತ್ತೆ ಸರಿಪಡಿಸಲಾಗದ ಹಾನಿ ಮಾಡುತ್ತದೆ.

ಭಾರತದ ಮೊದಲ ಹೆಜ್ಜೆ ಪ್ರಮಾಣವನ್ನು ತಗ್ಗಿಸುವುದಾಗಿತ್ತು. ಲೀಟರಿಗೆ 0.56 ಗ್ರಾಂವರೆಗೆ ಇದ್ದ ಸೀಸವನ್ನು 1994ರ ಜೂನ್‌ನಲ್ಲಿ ದೆಹಲಿ, ಮುಂಬೈ, ಕೋಲ್ಕತ್ತ ಮತ್ತು ಚೆನ್ನೈಗಳಲ್ಲಿ 0.15 ಗ್ರಾಂಗೆ ಇಳಿಸಲಾಯಿತು. ಎರಡನೆಯ ಹೆಜ್ಜೆಯಾಗಿ, 1995ರ ಏಪ್ರಿಲ್ 1ರಿಂದ ಇದೇ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ, ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಹಾನಿಯ ಅನಿಲಗಳಾಗಿ ಬದಲಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಕನ್ವರ್ಟರಿನೊಳಗಿನ ಪ್ಲಾಟಿನಂನಂಥ ಲೋಹಗಳ ಮೇಲೆ ಸೀಸ ಕವಚದಂತೆ ಕೂತು ಅವನ್ನು ನಿಷ್ಕ್ರಿಯಗೊಳಿಸುವುದರಿಂದ, ಲೀಟರಿಗೆ 0.013 ಗ್ರಾಂ ಮಿತಿಯ ಸೀಸರಹಿತ ಪೆಟ್ರೋಲನ್ನು ಅಲ್ಲಿ ಪೂರೈಸಲೇಬೇಕಾಯಿತು. ಮಕ್ಕಳ ರಕ್ತಕ್ಕಿಂತ ಮೊದಲು ಒಂದು ಯಂತ್ರಭಾಗದ ರಕ್ಷಣೆಯೇ ಈ ವೇಳಾಪಟ್ಟಿಯನ್ನು ಮುನ್ನಡೆಸಿತೆಂಬುದು ನನಗೆ ಇಂದಿಗೂ ನೋವಿನ ಸಂಗತಿ.

ಕಠಿಣವಾದ ಕೆಲಸವಿದ್ದದ್ದು ತೈಲ ಸಂಸ್ಕರಣಾಗಾರಗಳಲ್ಲಿ. ಸೀಸವಿಲ್ಲದೆ ಆಕ್ಟೇನ್ ಮಟ್ಟವನ್ನು, ಅಂದರೆ ಎಂಜಿನ್ ಬಡಿತವನ್ನು ತಡೆಯುವ ಗುಣವನ್ನು, ಉಳಿಸಿಕೊಳ್ಳಬೇಕಾದರೆ ಕಚ್ಚಾತೈಲದಿಂದ ಸಿಗುವ ಹಗುರ ದ್ರವವಾದ ನಾಫ್ತಾದ ಅಣುಗಳ ರಚನೆಯನ್ನೇ ಬದಲಿಸುವ ರಿಫಾರ್ಮಿಂಗ್‌ನಂಥ ಘಟಕಗಳು ಬೇಕು. ಹಾಗೆ ಮಾಡಿದಾಗ ಕ್ಯಾನ್ಸರ್‌ಕಾರಕವಾದ ಬೆನ್ಜೀನ್ ಹೆಚ್ಚುತ್ತದೆಯಾದ್ದರಿಂದ ಅದಕ್ಕೂ ಮಿತಿ ಹಾಕಬೇಕಾಗುತ್ತದೆ.

ಮುಂದಿನ ಹೆಜ್ಜೆಗಳು ಬೇಗಬೇಗನೆ ಬಂದವು: 1997ರ ಜನವರಿಯಲ್ಲಿ 0.15 ಗ್ರಾಂ ಮಿತಿ ದೇಶಕ್ಕೆಲ್ಲ ಅನ್ವಯವಾಯಿತು, 1998ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಸೀಸಯುಕ್ತ ಪೆಟ್ರೋಲಿನ ಮಾರಾಟ ಪೂರ್ತಿ ನಿಂತಿತು.

ಉಳಿದದ್ದು ಹಳೆಯ ವಾಹನಗಳ ಪ್ರಶ್ನೆ. ಸುಟ್ಟ ಅನಿಲವನ್ನು ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮತ್ತು ಅದು ಕೂರುವ ಸೀಟಿನ ನಡುವೆ ಸೀಸದ ತೆಳುಪದರವೊಂದು ರಕ್ಷಣೆಯಾಗಿರುತ್ತಿತ್ತು. ಅದಿಲ್ಲದಿದ್ದರೆ ಮೆದು ಎರಕದ ಸೀಟು ಕ್ರಮೇಣ ಸವೆಯುತ್ತದೆ. ಅಂಥ ಕಾರನ್ನು ಇಟ್ಟುಕೊಂಡಿರುವವರು ವಾಲ್ವಿನ ಅಂತರವನ್ನು ಆಗಾಗ ಪರೀಕ್ಷಿಸಬೇಕು, ದೀರ್ಘಕಾಲ ಅತಿವೇಗದಲ್ಲಿ ಓಡಿಸಬಾರದು, ಎಂಜಿನ್ ಬಿಚ್ಚುವ ಸಂದರ್ಭ ಬಂದಾಗ ಗಡಸು ಉಕ್ಕಿನ ಸೀಟುಗಳನ್ನು ಹಾಕಿಸಬೇಕು. ಟೂ-ಸ್ಟ್ರೋಕ್ ಸ್ಕೂಟರುಗಳಲ್ಲಿ ಇಂಥ ವಾಲ್ವುಗಳೇ ಇಲ್ಲದ ಕಾರಣ ಅವುಗಳ ಮಾಲೀಕರು ಈ ಚಿಂತೆ ಮಾಡಬೇಕಾಗಿಲ್ಲ.