ಸಿಬ್ಬಂದಿ ಸಮೀಕ್ಷೆ ಮುಗಿದ ಮೇಲೆ ವಿಶ್ವವಿದ್ಯಾಲಯ ಮಾಡಬೇಕಾದ ಕೆಲಸ

ಸಮೀಕ್ಷೆಯ ಉತ್ತರಗಳು ಬಂದ ಕೂಡಲೇ ಸರಾಸರಿ ತೆಗೆದು, ನ್ಯಾಕ್ (ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ರಾಷ್ಟ್ರೀಯ ಸಂಸ್ಥೆ) ದಾಖಲೆಗಳಿಗೆ ಲಗತ್ತಿಸಿ ಕಡತ ಮುಗಿಸುವ ರೂಢಿಯನ್ನು ಮೊದಲು ಬಿಡಬೇಕು. ಕರ್ನಾಟಕದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕಾಯಂ ಅಧ್ಯಾಪಕರು, ಅತಿಥಿ ಉಪನ್ಯಾಸಕರು, ಬೋಧಕೇತರ ನೌಕರರು ಮತ್ತು ಹೊರಗುತ್ತಿಗೆ ಸಿಬ್ಬಂದಿ ಒಂದೇ ಆವರಣದಲ್ಲಿ ದುಡಿದರೂ ಅವರ ಸೇವಾ ಷರತ್ತುಗಳು ಬೇರೆ ಬೇರೆ. 300 ಕಾಯಂ ನೌಕರರು ಐದಕ್ಕೆ 4.2 ಅಂಕವನ್ನೂ 100 ಅತಿಥಿ ಉಪನ್ಯಾಸಕರು 1.8 ಅಂಕವನ್ನೂ ಕೊಟ್ಟರೆಂದು ಇಟ್ಟುಕೊಳ್ಳಿ. ಒಟ್ಟು ಸರಾಸರಿ 3.6 ಬರುತ್ತದೆ, ನೂರು ಜನರ ಸಂಕಟ ಅದರಲ್ಲಿ ಮುಚ್ಚಿಹೋಗುತ್ತದೆ. ಆದ್ದರಿಂದ ಪ್ರತಿ ವರ್ಗದ ಫಲಿತಾಂಶವನ್ನು ಪ್ರತ್ಯೇಕವಾಗಿ ಓದಬೇಕು. ಯಾವ ವರ್ಗದಿಂದ ಉತ್ತರಗಳೇ ಬಂದಿಲ್ಲವೋ ಅಲ್ಲಿಗೆ ಸಮೀಕ್ಷೆ ತಲುಪಲಿಲ್ಲವೇ, ಅಥವಾ ಜನ ಅಂಜಿದರೇ ಎಂಬುದನ್ನೂ ವಿಚಾರಿಸಬೇಕು.

ಹಾಗೆ ವಿಂಗಡಿಸುವಾಗ ಉತ್ತರಿಸಿದವರ ಗುರುತು ಬಯಲಾಗಬಾರದು. ಹತ್ತಕ್ಕಿಂತ ಕಡಿಮೆ ಜನರಿರುವ ವಿಭಾಗದ ಅಂಕಗಳನ್ನು ನಿಕಾಯದ, ಅಂದರೆ ಹಲವು ವಿಭಾಗಗಳು ಸೇರಿದ ಗುಂಪಿನ, ಮಟ್ಟದಲ್ಲಿ ಸೇರಿಸಿ ತೋರಿಸುವುದು ಒಳ್ಳೆಯದು. ಬರವಣಿಗೆಯ ಉತ್ತರಗಳನ್ನು ಇದ್ದ ಹಾಗೆಯೇ ಮುಖ್ಯಸ್ಥರ ಕೈಗೆ ಕೊಡಲೇಬಾರದು. ಹೆಸರು ಅಳಿಸಿದರೂ ಧಾರವಾಡದ ಕಡೆಯವರ ಮಾತಿನ ಧಾಟಿಯೋ ಮಂಗಳೂರಿನವರ ವಾಕ್ಯವೋ ಬರೆದವರು ಯಾರೆಂದು ಹೇಳಿಬಿಡುತ್ತದೆ. ಸಾರಾಂಶ ಮಾತ್ರ ಹೊರಗೆ ಹೋಗಲಿ.

ಇನ್ನು ದೂರುಗಳನ್ನು, ಅವುಗಳನ್ನು ಬಗೆಹರಿಸುವ ಅಧಿಕಾರ ಯಾರಿಗಿದೆ ಎಂಬುದರ ಮೇಲೆ ಬೇರ್ಪಡಿಸಬೇಕು. ಕುಡಿಯುವ ನೀರು, ಶೌಚಾಲಯ, ಕೂರಲು ಕೊಠಡಿ ಇಂಥವು ಕುಲಸಚಿವರ ಹಂತದಲ್ಲೇ ಮುಗಿಯಬಹುದು. ಕೆಲವಕ್ಕೆ ವಿಶ್ವವಿದ್ಯಾಲಯದ ಕಾರ್ಯಕಾರಿ ಮಂಡಳಿಯಾದ ಸಿಂಡಿಕೇಟಿನ ಒಪ್ಪಿಗೆ ಬೇಕು. ಖಾಲಿ ಹುದ್ದೆಗಳ ಭರ್ತಿಗೆ ಸರ್ಕಾರದ ಅನುಮತಿ ಬೇಕು. ಆದರೆ ‘ಸರ್ಕಾರದ ವಿಷಯ’ ಎಂದು ಕೈತೊಳೆದುಕೊಳ್ಳುವ ಮುನ್ನ ಕಡತದ ದಾರಿಯನ್ನು ಒಮ್ಮೆ ಹಿಡಿದು ನೋಡಬೇಕು. ಅತಿಥಿ ಉಪನ್ಯಾಸಕರ ಗೌರವಧನ ತಡವಾಗುತ್ತಿದೆ ಎಂಬ ದೂರನ್ನೇ ತೆಗೆದುಕೊಳ್ಳೋಣ. ವಿಭಾಗದವರು ಕಾರ್ಯಭಾರದ ವಿವರ ಕಳಿಸಿದ ದಿನ, ಆಡಳಿತ ಶಾಖೆ ಅದನ್ನು ಪರಿಶೀಲಿಸಿದ ದಿನ, ಹಣಕಾಸು ಶಾಖೆ ಬಿಲ್ಲು ಪಾಸು ಮಾಡಿದ ದಿನ, ಈ ಮೂರನ್ನು ಹಿಂದಿನ ಆರು ತಿಂಗಳಿಗೆ ಬರೆದಿಟ್ಟರೆ ಅನುದಾನವೇ ಬರಲಿಲ್ಲವೋ, ಅಥವಾ ಬಿಲ್ಲು ಯಾವುದೋ ಮೇಜಿನ ಮೇಲೆ ಕೊಳೆಯಿತೋ ಎಂಬುದು ತಿಳಿಯುತ್ತದೆ. ಎರಡನೆಯದಾದರೆ ಪ್ರತಿ ಹಂತಕ್ಕೂ ದಿನಗಳ ಮಿತಿ ಗೊತ್ತುಪಡಿಸುವ ಒಂದು ಸುತ್ತೋಲೆ ಸಾಕಾದೀತು. ಸಂಬಳದ ದಿನ ಗೊತ್ತಿಲ್ಲದೆ ಮನೆ ನಡೆಸುವವರಿಗೆ ಇದಕ್ಕಿಂತ ದೊಡ್ಡ ಸುಧಾರಣೆ ಬೇರೊಂದಿಲ್ಲ ಎಂದೇ ನನ್ನ ನಂಬಿಕೆ.

ಲೈಂಗಿಕ ಕಿರುಕುಳದ ಪ್ರಸ್ತಾಪ ಕಂಡುಬಂದರೆ ಅದನ್ನು ಅಂಕಿಅಂಶವಾಗಿ ಉಳಿಸದೆ, 2013ರ ಕಾಯಿದೆಯ ಪ್ರಕಾರ ರಚಿಸಿದ ಆಂತರಿಕ ಸಮಿತಿಗೆ ದೂರು ಕೊಡುವ ಕ್ರಮವನ್ನು ಎಲ್ಲ ಸಿಬ್ಬಂದಿಗೂ ಮತ್ತೆ ತಿಳಿಸಬೇಕು.

ಫಲಿತಾಂಶವನ್ನು ಒಂದು ತಿಂಗಳೊಳಗೆ ಸಿಬ್ಬಂದಿಯ ಮುಂದೆ ಕನ್ನಡದಲ್ಲೇ ಇಡಿ. ಕೈಗೆತ್ತಿಕೊಂಡ ಎರಡು ಮೂರು ಕೆಲಸ, ಅದಕ್ಕೆ ಹೊಣೆಯಾದ ಅಧಿಕಾರಿಯ ಹುದ್ದೆ ಮತ್ತು ಮುಗಿಯುವ ದಿನಾಂಕ ಅದರಲ್ಲಿರಲಿ; ಆಗದ ಕೆಲಸಕ್ಕೆ ಕಾರಣವೂ ಇರಲಿ. ಆರು ತಿಂಗಳ ಬಳಿಕ ಆ ವಿಷಯಗಳ ಬಗ್ಗೆ ಮಾತ್ರ, ಹಳೆಯ ಪ್ರಶ್ನೆಗಳ ಪದವನ್ನೂ ಬದಲಿಸದೆ, ಅದೇ ವರ್ಗದವರನ್ನು ಮತ್ತೊಮ್ಮೆ ಕೇಳಿ. ಪ್ರಶ್ನೆ ಬದಲಾದರೆ ಅಂಕ ಏರಿದ್ದು ಕೆಲಸದಿಂದಲೋ ಪ್ರಶ್ನೆಯಿಂದಲೋ ಹೇಳಲಾಗದು.