ಕರೆಂಟ್ ಬಂದರೂ ಸರ್ವರ್ ಏಳದಿದ್ದರೆ: ಫರ್ಮ್‌ವೇರ್ ಸೆಟಪ್ ಹೊಂದಿಸುವುದು ಹೇಗೆ?

ಮಳೆಗಾಲ ಹಿಡಿಯಿತೆಂದರೆ ಚಿಕ್ಕಮಗಳೂರಿನ ಎಷ್ಟೋ ಕಚೇರಿಗಳಲ್ಲಿ ಬೆಳಿಗ್ಗೆ ಬೀಗ ತೆಗೆದವರು ಮೊದಲು ಕಣ್ಣು ಹಾಯಿಸುವುದು ಸರ್ವರ್ ಮುಂದಿನ ಹಸಿರು ದೀಪದ ಕಡೆಗೆ. ರಾತ್ರಿ ಗಾಳಿಗೆ ಎಲ್ಲೋ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಬಿದ್ದು ಕರೆಂಟ್ ಹೋಗಿರುತ್ತದೆ, ಯುಪಿಎಸ್ ಅರ್ಧ ಗಂಟೆ ಎಳೆದು ಕೈಚೆಲ್ಲಿರುತ್ತದೆ, ಬೆಳಗಿನ ಜಾವ ಕರೆಂಟ್ ಮರಳಿದರೂ ಸರ್ವರ್ ಮಾತ್ರ ಮಲಗಿಯೇ ಇರುತ್ತದೆ. ‘ಮಷೀನ್ ಕೆಟ್ಟುಹೋಗಿದೆ, ಬೇಗ ಬನ್ನಿ ಸಾರ್’ ಎಂಬ ಕರೆ ಬಂದು ಹೋಗಿ ನೋಡಿದರೆ ಬಹಳ ಸಲ ಕೆಟ್ಟಿರುವುದು ಏನೂ ಇರುವುದಿಲ್ಲ. ಫರ್ಮ್‌ವೇರ್ ಸೆಟಪ್‌ನಲ್ಲಿ ಒಂದೆರಡು ಸಾಲುಗಳನ್ನು ಯಾರೂ ಸರಿಯಾಗಿ ಹೊಂದಿಸಿರುವುದಿಲ್ಲ, ಅಷ್ಟೆ.

ಗುಂಡಿ ಒತ್ತಿದ ಕ್ಷಣದಿಂದ ವಿಂಡೋಸ್ ಅಥವಾ ಲಿನಕ್ಸ್ ಕೆಲಸ ವಹಿಸಿಕೊಳ್ಳುವವರೆಗೆ ಯಂತ್ರವನ್ನು ನಡೆಸುವ, ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ತಂತ್ರಾಂಶವೇ ಫರ್ಮ್‌ವೇರ್. 1981ರ ಐಬಿಎಂ ಪಿಸಿಯ ಕಾಲದಿಂದ ಇದನ್ನು ಬಯಾಸ್ ಎಂದು ಕರೆಯುತ್ತ ಬಂದಿದ್ದೇವೆ. ಈಗಿನ ಸರ್ವರ್‌ಗಳಲ್ಲಿರುವುದು ಅದರ ಜಾಗಕ್ಕೆ ಬಂದ ಯುಇಎಫ್‌ಐ; ಆದರೂ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಮನೆಯ ಕಂಪ್ಯೂಟರಿನಲ್ಲಿ ಇದರ ಸೆಟಪ್ ಪುಟಗಳನ್ನು ನೋಡದೆಯೇ ವರ್ಷಗಟ್ಟಲೆ ಕಳೆಯಬಹುದು. ಎದುರಿಗೆ ಯಾರೂ ಕೂರದೆ ಹಗಲೂ ರಾತ್ರಿ ತಾನಾಗಿಯೇ ನಡೆಯಬೇಕಾದ ಸರ್ವರ್‌ನಲ್ಲಿ ಆ ಅನುಕೂಲ ಇಲ್ಲ.

ಒಳಗೆ ಹೋಗುವ ಮುನ್ನ

ಬ್ಯಾಕಪ್ ತೆಗೆದಿಟ್ಟುಕೊಂಡು, ಕಚೇರಿಯವರೆಲ್ಲ ಲಾಗ್ ಔಟ್ ಆದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು. ವಿಂಡೋಸ್ ಸರ್ವರ್‌ನಲ್ಲಿ ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಚಾಲ್ತಿಯಲ್ಲಿದ್ದರೆ ಅದನ್ನು ಮೊದಲು ತಾತ್ಕಾಲಿಕವಾಗಿ ತಡೆಹಿಡಿಯಬೇಕು. ಇಲ್ಲವಾದರೆ ಸೆಟಪ್‌ನಲ್ಲಿ ಆದ ಬದಲಾವಣೆಯನ್ನು ಕಂಡು ಅದು 48 ಅಂಕಿಗಳ ರಿಕವರಿ ಕೀ ಕೇಳಬಹುದು, ಆ ಕೀ ಎಲ್ಲಿದೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಸರ್ವರ್ ರೀಸ್ಟಾರ್ಟ್ ಆಗುವಾಗ ಒತ್ತಬೇಕಾದ ಕೀ ಕಂಪನಿಯಿಂದ ಕಂಪನಿಗೆ ಬೇರೆ. ಡೆಲ್ ಪವರ್‌ಎಡ್ಜ್‌ನಲ್ಲಿ ಎಫ್2, ಎಚ್‌ಪಿಇ ಪ್ರೊಲಯಂಟ್‌ನಲ್ಲಿ ಎಫ್9, ಲೆನೊವೊ ಥಿಂಕ್‌ಸಿಸ್ಟಮ್‌ನಲ್ಲಿ ಎಫ್1, ಸೂಪರ್‌ಮೈಕ್ರೊದಲ್ಲಿ ಡಿಲೀಟ್. ಇಲ್ಲಿ ತಾಳ್ಮೆ ಬೇಕು. ಮೆಮೊರಿ, ಹಲವು ಡಿಸ್ಕುಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡ್, ನೆಟ್‌ವರ್ಕ್ ಕಾರ್ಡ್ ಎಲ್ಲವನ್ನೂ ಪರೀಕ್ಷಿಸಿ ಮುಂದೆ ಹೋಗುವ ಸರ್ವರ್‌ಗೆ ಹಲವು ನಿಮಿಷಗಳೇ ಬೇಕಾಗಬಹುದು. ಪರದೆ ಕಪ್ಪಾಗಿದೆ, ಹ್ಯಾಂಗ್ ಆಗಿದೆ ಎಂದು ಗಾಬರಿಬಿದ್ದು ಸ್ವಿಚ್ ಆರಿಸುವವರನ್ನು ಬೇಕಾದಷ್ಟು ನೋಡಿದ್ದೇನೆ. ಹೋಗಿ ಒಂದು ಲೋಟ ಕಾಫಿ ಕುಡಿದು ಬಂದರೂ ತಪ್ಪಿಲ್ಲ.

ಸೆಟಪ್ ತೆರೆದ ಕೂಡಲೇ ಏನನ್ನೂ ಬದಲಿಸದೆ, ಪ್ರತಿ ಪುಟದ ಫೋಟೊವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಮೂಲಸ್ಥಿತಿಗೆ ಮರಳಿಸುವ ‘ಲೋಡ್ ಡಿಫಾಲ್ಟ್ಸ್’ ಎಂಬ ಆಯ್ಕೆ ಇದ್ದೇ ಇದೆಯಲ್ಲ ಎನ್ನಬಹುದು. ಅದು ಮರಳಿಸುವುದು ಕಾರ್ಖಾನೆಯ ಹೊಂದಾಣಿಕೆಗೆ, ನಿನ್ನೆಯವರೆಗೆ ನಿಮ್ಮ ಕಚೇರಿಯಲ್ಲಿ ಸುಸೂತ್ರವಾಗಿ ನಡೆಯುತ್ತಿದ್ದ ಹೊಂದಾಣಿಕೆಗೆ ಅಲ್ಲ.

ಮುಟ್ಟಬಾರದ ಎರಡು, ಬೇಗ ಮುಗಿಯುವ ಕೆಲವು

ಈಗಾಗಲೇ ನಡೆಯುತ್ತಿರುವ ಸರ್ವರ್‌ನಲ್ಲಿ ಬೂಟ್ ಮೋಡ್ (ಯಂತ್ರ ಏಳುವ ವಿಧಾನ) ಮತ್ತು ಡಿಸ್ಕ್ ಕಂಟ್ರೋಲರಿನ ಮೋಡ್ (ಡಿಸ್ಕುಗಳೊಂದಿಗೆ ವ್ಯವಹರಿಸುವ ವಿಧಾನ) ಎರಡನ್ನೂ ಇದ್ದ ಹಾಗೆಯೇ ಬಿಡಬೇಕು. ಲೆಗಸಿ ಬಯಾಸ್, ಅಂದರೆ ಹಳೆಯ ಬಯಾಸ್ ಮೋಡ್‌ನಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್, ಯುಇಎಫ್‌ಐಗೆ ಬದಲಿಸಿದೊಡನೆ ಬೂಟ್ ಆಗುವುದನ್ನೇ ನಿಲ್ಲಿಸುತ್ತದೆ; ಸಾಟಾ ಡಿಸ್ಕಿನ ಮೋಡ್ ಅನ್ನು ಸಾಮಾನ್ಯ ವಿಧಾನವಾದ ಎಎಚ್‌ಸಿಐಯಿಂದ ರೇಡ್‌ಗೆ ತಿರುಗಿಸಿದರೆ ನೀಲಿ ಪರದೆ ಎದುರಾಗಬಹುದು. ಹೊಸ ಸರ್ವರ್ ಆದರೆ ಯೋಚನೆಯೇ ಬೇಡ, ಯುಇಎಫ್‌ಐ ಆರಿಸಿಕೊಂಡೇ ಇನ್‌ಸ್ಟಾಲ್ ಮಾಡಿ, ಏಕೆಂದರೆ ಲೆಗಸಿ ಮೋಡ್ ಬಳಸುವ, ಡಿಸ್ಕಿನ ಜಾಗ ಹಂಚುವ ಹಳೆಯ ಎಂಬಿಆರ್ ವಿಂಗಡಣೆಯಲ್ಲಿ ಸಾಮಾನ್ಯ ಡಿಸ್ಕಿನ 2 ಟೆರಾಬೈಟ್‌ನಿಂದಾಚೆಗಿನ ಜಾಗ ಬಳಕೆಗೆ ಸಿಗುವುದಿಲ್ಲ.

ಒಂದೇ ಯಂತ್ರದಲ್ಲಿ ಹಲವು ವರ್ಚುವಲ್ ಸರ್ವರ್‌ಗಳನ್ನು ನಡೆಸುವುದಾದರೆ ಇಂಟೆಲ್‌ನಲ್ಲಿ ವಿಟಿ-ಎಕ್ಸ್ ಮತ್ತು ವಿಟಿ-ಡಿ, ಎಎಂಡಿಯಲ್ಲಿ ಎಸ್‌ವಿಎಂ ಮತ್ತು ಐಒಎಂಎಂಯು ಎಂಬ, ಅದಕ್ಕೆಂದೇ ಇರುವ ಆಯ್ಕೆಗಳು ಚಾಲನೆಯಲ್ಲಿರಬೇಕು. 64 ಜಿಬಿ ಮೆಮೊರಿ ಹಾಕಿಸಿದ್ದರೂ 32 ಮಾತ್ರ ಕಾಣುತ್ತಿದ್ದರೆ ಅಂಗಡಿಯವರನ್ನು ದೂರುವ ಮೊದಲು ಮೆಮೊರಿ ಮಿರರಿಂಗ್ ಆಯ್ಕೆಯಾಗಿದೆಯೇ ನೋಡಿ; ಅದು ಅರ್ಧವನ್ನು ಉಳಿದರ್ಧದ ಪ್ರತಿಗೆಂದು ತೆಗೆದಿಡುತ್ತದೆ. ಗಡಿಯಾರದ ಸಮಯವನ್ನು ವಿಂಡೋಸ್ ನಮ್ಮ ಸ್ಥಳೀಯ ಸಮಯವೆಂದು ತಿಳಿಯುತ್ತದೆ, ಲಿನಕ್ಸ್ ಸಾಮಾನ್ಯವಾಗಿ ಯುಟಿಸಿ (ನಮ್ಮ ಸಮಯಕ್ಕಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಎಂದು ತಿಳಿಯುತ್ತದೆ. ಬಿಲ್ಲುಗಳಲ್ಲಿ ಸರಿಯಾಗಿ ಐದೂವರೆ ಗಂಟೆಯ ವ್ಯತ್ಯಾಸ ಬರುತ್ತಿದ್ದರೆ ಕಾರಣ ಅದೇ. ಪ್ರತಿ ಸಲ ಕರೆಂಟ್ ಹೋದಾಗ ತಾರೀಖು ಯಾವುದೋ ಹಳೆಯ ವರ್ಷಕ್ಕೆ ಹಾರುತ್ತಿದ್ದರೆ ಬೋರ್ಡಿನ ಮೇಲಿರುವ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಬದಲಿಸುವ ಕಾಲ ಬಂದಿದೆ ಎಂದರ್ಥ.

ಕರೆಂಟ್ ಮರಳಿದಾಗ

ನಮ್ಮ ಕಡೆಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಇದು. ಡೆಲ್‌ನಲ್ಲಿ ಸಿಸ್ಟಮ್ ಸೆಕ್ಯುರಿಟಿ ಪುಟದಲ್ಲಿ ‘ಎಸಿ ಪವರ್ ರಿಕವರಿ’ ಎಂದೂ, ಎಚ್‌ಪಿಇಯಲ್ಲಿ ‘ಆಟೊಮ್ಯಾಟಿಕ್ ಪವರ್-ಆನ್’ ಎಂದೂ ಇರುವ ಇದಕ್ಕೆ ಸಾಮಾನ್ಯವಾಗಿ ಮೂರು ಆಯ್ಕೆಗಳಿರುತ್ತವೆ: ಕರೆಂಟ್ ಬಂದಾಗ ಆರಿಯೇ ಇರಬೇಕು, ಯಾವಾಗಲೂ ಏಳಬೇಕು, ಅಥವಾ ಕರೆಂಟ್ ಹೋಗುವ ಮೊದಲು ಇದ್ದ ಸ್ಥಿತಿಗೆ ಮರಳಬೇಕು. ಮೂರನೆಯದು ಕೇಳಲು ಬಹಳ ಸಮಂಜಸ. ನಾನೂ ಅದನ್ನೇ ನಂಬಿ ಕೆಟ್ಟವನು.

ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಹಾಗೆ ಹೊಂದಿಸಿ, ‘ಇನ್ನು ಚಿಂತೆ ಬಿಡಿ’ ಎಂದು ಹೇಳಿ ಬಂದಿದ್ದೆ. ಏಪ್ರಿಲ್‌ನಲ್ಲಿ ಗುಡುಗು ಸಿಡಿಲಿನೊಂದಿಗೆ ಹೂಮಳೆ ಬಿತ್ತು, ರಾತ್ರಿ ಕರೆಂಟ್ ಹೋಯಿತು. ಬೆಳಿಗ್ಗೆ ಗೇಟಿನ ಹೊರಗೆ ಪಾರ್ಚ್‌ಮೆಂಟ್ (ಒಳಸಿಪ್ಪೆಯ ಸಮೇತ ಒಣಗಿಸಿದ ಕಾಫಿ ಬೀಜ) ಮೂಟೆ ಹೊತ್ತ ಲಾರಿಗಳು ಸಾಲುಗಟ್ಟಿ ನಿಂತಿವೆ, ವೇಬ್ರಿಡ್ಜ್‌ನಲ್ಲಿ ತೂಕದ ಚೀಟಿ ಹೊರಬರುತ್ತಿಲ್ಲ, ಸರ್ವರ್ ಆರಿಹೋಗಿದೆ. ನಡೆದದ್ದು ಇಷ್ಟು: ಬ್ಯಾಟರಿ ಇಳಿಯುತ್ತ ಬಂದಾಗ ಸರ್ವರ್ ಕ್ರಮವಾಗಿ ಶಟ್‌ಡೌನ್ ಆಗುವಂತೆ ಯುಪಿಎಸ್‌ನ ತಂತ್ರಾಂಶವನ್ನು ನಾನೇ ಜೋಡಿಸಿದ್ದೆ. ಅದು ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತು. ಹಾಗಾಗಿ ಕರೆಂಟ್ ಪೂರ್ತಿ ನಿಂತ ಗಳಿಗೆಯಲ್ಲಿ ಸರ್ವರ್‌ನ ಸ್ಥಿತಿ ‘ಆರಿದೆ’ ಎಂದಿತ್ತು, ಕರೆಂಟ್ ಬಂದಾಗ ಅದು ಅದೇ ಸ್ಥಿತಿಗೆ ನಿಷ್ಠೆಯಿಂದ ಮರಳಿತು.

ಆದ್ದರಿಂದ ಯುಪಿಎಸ್ ಮೂಲಕ ಶಟ್‌ಡೌನ್ ಆಗುವ ಸರ್ವರ್‌ನಲ್ಲಿ ‘ಯಾವಾಗಲೂ ಏಳಬೇಕು’ ಎಂಬುದನ್ನೇ ಆರಿಸಬೇಕು. ಅದೂ ಸಾಲದು. ಸರ್ವರ್ ಶಟ್‌ಡೌನ್ ಆದ ಮೇಲೆ ಯುಪಿಎಸ್‌ನಲ್ಲಿ ಇನ್ನೂ ಸ್ವಲ್ಪ ಚಾರ್ಜ್ ಉಳಿದಿರುವಾಗಲೇ ಕರೆಂಟ್ ಮರಳಿತೆನ್ನಿ. ಸರ್ವರ್‌ನ ಮಟ್ಟಿಗೆ ಕರೆಂಟ್ ಹೋಗಿಯೇ ಇಲ್ಲ, ಹಾಗಾಗಿ ಏಳುವ ಕಾರಣವೂ ಇಲ್ಲ. ಶಟ್‌ಡೌನ್ ಮುಗಿದ ಮೇಲೆ ಯುಪಿಎಸ್ ತನ್ನ ಔಟ್‌ಪುಟ್ ಅನ್ನು ಪೂರ್ತಿ ಕಡಿದು, ಕರೆಂಟ್ ಬಂದು ಬ್ಯಾಟರಿ ಒಂದಿಷ್ಟು ತುಂಬಿದ ಬಳಿಕ ಮತ್ತೆ ಕೊಡುವಂತೆ ಅದರ ತಂತ್ರಾಂಶದಲ್ಲಿ ಹೊಂದಿಸಬೇಕು.

ಜೊತೆಗಿರುವ ವಿಳಂಬದ ಸಾಲನ್ನೂ ಬಿಡಬೇಡಿ. ಮರಳಿದ ಕರೆಂಟ್ ಎರಡು ಮೂರು ಸಲ ಕಣ್ಣು ಮಿಟುಕಿಸಿ ನಿಲ್ಲುವುದು ಇಲ್ಲಿ ಮಾಮೂಲು. ಡೆಲ್‌ನಲ್ಲಿ ವಿಳಂಬವನ್ನು ನಾವೇ ನಮೂದಿಸಬಹುದು, ನಾನು 180 ಸೆಕೆಂಡು ಇಡುತ್ತೇನೆ. ಎಚ್‌ಪಿಇಯಲ್ಲಿ 15ರಿಂದ 60 ಸೆಕೆಂಡಿನವರೆಗಿನ ಸಿದ್ಧ ಆಯ್ಕೆಗಳಿದ್ದು, ಅದರಲ್ಲಿ 60 ಒಳ್ಳೆಯದು.

ಏಳುವ ದಾರಿಯಲ್ಲಿ ಅಡ್ಡ ಬರುವ ಇನ್ನೂ ಕೆಲವನ್ನು ತೆರವು ಮಾಡಬೇಕು. ಬೂಟ್ ಕ್ರಮದಲ್ಲಿ ಸರ್ವರ್‌ನ ಡಿಸ್ಕ್ ಮೊದಲಿರಲಿ: ಅಕೌಂಟೆಂಟ್ ಟ್ಯಾಲಿ ಬ್ಯಾಕಪ್‌ಗೆಂದು ಚುಚ್ಚಿ ಮರೆತುಹೋದ ಪೆನ್‌ಡ್ರೈವ್‌ನಿಂದ ಬೂಟ್ ಆಗಲು ಹೊರಟು ನಿಂತುಹೋದ ಹಳೆಯ ಸರ್ವರ್‌ಗಳಿವೆ. ಕೀಬೋರ್ಡ್ ಇಲ್ಲದ ಸರ್ವರ್‌ನಲ್ಲಿ ‘ದೋಷ ಕಂಡರೆ ಎಫ್1 ಒತ್ತುವವರೆಗೆ ಕಾಯಿರಿ’ ಎಂಬ ಅರ್ಥದ ಆಯ್ಕೆಯನ್ನು ತೆಗೆಯಿರಿ. ಪಾಸ್‌ವರ್ಡ್‌ಗಳಲ್ಲಿ ಎರಡು ಬಗೆ: ಸೆಟಪ್ ಪುಟಗಳನ್ನು ಕಾಯುವ ಪಾಸ್‌ವರ್ಡ್ ಇಡಲೇಬೇಕು, ಬರೆದು ಬೀರುವಿನಲ್ಲೂ ಇಡಬೇಕು, ಯಂತ್ರ ಏಳುವಾಗಲೇ ಕೇಳುವ ಸಿಸ್ಟಮ್ ಪಾಸ್‌ವರ್ಡ್ ಇಟ್ಟರೆ ನಡುರಾತ್ರಿ ಅದನ್ನು ಟೈಪ್ ಮಾಡಲು ಯಾರಾದರೂ ಬರಬೇಕಾಗುತ್ತದೆ.

ದೂರದಿಂದ ಎಬ್ಬಿಸುವ ವ್ಯವಸ್ಥೆ

ಡೆಲ್‌ನ ಐಡ್ರಾಕ್, ಎಚ್‌ಪಿಇಯ ಐಎಲ್‌ಒದಂಥವು ಸರ್ವರ್‌ನೊಳಗೇ ಇರುವ ಪುಟ್ಟ ಪ್ರತ್ಯೇಕ ಕಂಪ್ಯೂಟರ್‌ಗಳು; ಮುಖ್ಯ ಯಂತ್ರ ಆರಿದ್ದರೂ ವಿದ್ಯುತ್ ಬರುತ್ತಿರುವವರೆಗೆ ಇವು ಎಚ್ಚರವಾಗಿರುತ್ತವೆ. ಸೆಟಪ್‌ನಲ್ಲಿ ಇವಕ್ಕೆ ಸ್ಥಿರ ಐಪಿ ವಿಳಾಸ ಕೊಟ್ಟು, ಮೊದಲಿಗೆ ಬಂದ ಪಾಸ್‌ವರ್ಡ್ ಬದಲಿಸಿ, ವಿಪಿಎನ್ ಎಂಬ ಸುರಕ್ಷಿತ ಖಾಸಗಿ ಸಂಪರ್ಕದ ಮೂಲಕ ಮಾತ್ರ ತಲುಪುವಂತೆ ಮಾಡಿ. ನೇರವಾಗಿ ಇಂಟರ್ನೆಟ್‌ಗೆ ತೆರೆದಿಡುವುದು ಮನೆಯ ಕೀಲಿಯನ್ನು ಬಾಗಿಲಲ್ಲೇ ಬಿಟ್ಟಂತೆ. ರೌಟರ್ ಮತ್ತು ಸ್ವಿಚ್‌ಗಳೂ ಯುಪಿಎಸ್‌ನಲ್ಲಿದ್ದು ಇಂಟರ್ನೆಟ್ ಸಂಪರ್ಕ ಉಳಿದಿದ್ದರೆ, ಮೂಡಿಗೆರೆಯ ತೋಟದಲ್ಲಿರುವವರು ಸುಮಾರು 30 ಕಿಲೋಮೀಟರ್ ಮಳೆಯಲ್ಲಿ ಬರದೆಯೇ ಸರ್ವರ್ ಚಾಲೂ ಮಾಡಬಹುದು.

ಎಲ್ಲ ಮುಗಿದ ಮೇಲೆ ಸೇವ್ ಮಾಡಿ ಹೊರಬಂದು, ವಿಂಡೋಸ್ ಅಥವಾ ಲಿನಕ್ಸ್ ಪೂರ್ತಿ ಎದ್ದುದನ್ನು ಖಾತ್ರಿ ಮಾಡಿಕೊಂಡು, ಬಿಟ್‌ಲಾಕರ್ ಅನ್ನು ಮತ್ತೆ ಚಾಲೂ ಮಾಡಿ ಪರೀಕ್ಷೆಗೆ ಇಳಿಯಿರಿ. ಸರ್ವರ್ ಅನ್ನು ಕ್ರಮವಾಗಿ ಶಟ್‌ಡೌನ್ ಮಾಡಿ, ಹಿಂಭಾಗದ ವಿದ್ಯುತ್ ತಂತಿಗಳನ್ನು ಕಿತ್ತುಬಿಡಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಕೀಳಬೇಕು. ಒಂದನ್ನೇ ಕಿತ್ತರೆ ಸರ್ವರ್‌ಗೆ ಕರೆಂಟ್ ಹೋದಂತಾಗುವುದಿಲ್ಲ. ಒಂದು ನಿಮಿಷ ಬಿಟ್ಟು ತಂತಿ ಸಿಕ್ಕಿಸಿ, ಗುಂಡಿ ಮುಟ್ಟದೆ, ಗಡಿಯಾರ ನೋಡುತ್ತ ನಿಲ್ಲಿ. ಮರುದಿನ ಕಚೇರಿಯ ಬಿಡುವಿನಲ್ಲಿ ಯುಪಿಎಸ್‌ನ ಗೋಡೆಯ ಪ್ಲಗ್ ತೆಗೆದು, ಬ್ಯಾಟರಿ ಇಳಿದು ಸರ್ವರ್ ತಾನಾಗಿ ಶಟ್‌ಡೌನ್ ಆಗುವವರೆಗೆ ಕಾದು, ಪ್ಲಗ್ ಮತ್ತೆ ಹಾಕಿ ಇನ್ನೊಮ್ಮೆ ನೋಡಿ. ದೀಪ ಹೊತ್ತಲು ಎಷ್ಟು ನಿಮಿಷ, ತೂಕದ ಚೀಟಿ ಬರಲು ಎಷ್ಟು ನಿಮಿಷ ಎಂಬುದನ್ನು ಒಂದು ಹಾಳೆಯಲ್ಲಿ ತಾರೀಖು ಸಮೇತ ಬರೆದು ಸರ್ವರ್ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿ. ಬೆಳಿಗ್ಗೆ ಬೀಗ ತೆಗೆಯುವವರು ಅಷ್ಟು ಹೊತ್ತು ಕಾದ ಮೇಲೆ ಫೋನ್ ಮಾಡಿದರೆ ಸಾಕು.