ತರಕಾರಿ ಬಚ್ಚಿಡೋದು ಬಿಟ್ಟೆ, ಮಕ್ಕಳ ಕೈಗೇ ಚಾಕು ಕೊಟ್ಟೆ

ಮಕ್ಕಳನ್ನು ಅಡುಗೆಮನೆಗೆ ಬಿಟ್ಟುಕೊಂಡರೆ ತರಕಾರಿ ತಾವಾಗೇ ತಿನ್ನುತ್ತಾರೆ ಅಂದಾಗ ಮನೆಯಲ್ಲಿ ಎಲ್ಲರೂ ನಕ್ಕಿದ್ದರು. ನಮ್ಮಕ್ಕ ಅಂತೂ, "ನಿನಗೆ ಕೆಲಸ ಎರಡರಷ್ಟಾಗುತ್ತೆ, ಅವರು ತಿನ್ನೋದು ಅಷ್ಟೇ" ಅಂದಿದ್ದಳು. ಈಗ ಅವಳ ಮಗನೇ ನಮ್ಮನೆಗೆ ಬಂದರೆ ಹೂಕೋಸು ಯಾವಾಗ ಅಂತ ಕೇಳುತ್ತಾನೆ. ಸ್ವಲ್ಪ ಜಂಬ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಹೆಚ್ಚೋದು, ಹುರಿಯೋದು ನಿಮಗೆ ಗೊತ್ತಿರುತ್ತೆ ಬಿಡಿ.

ಮೊದಲು ದುಡ್ಡು ಹೋದ ಕಥೆ. ಎಲ್ಲರ ಹಾಗೆ ಶುರುವಿಗೆ ನಾನೂ ಬಚ್ಚಿಡುವ ದಾರಿ ಹಿಡಿದಿದ್ದೆ. ಪಾಲಕ್ ರುಬ್ಬಿ ಸಾಸ್‌ಗೆ, ಕುಂಬಳಕಾಯಿ ರುಬ್ಬಿ ಹಿಟ್ಟಿಗೆ. ಇರುವ ಮಿಕ್ಸಿ ಸಾಲದು ಅಂತ ದೊಡ್ಡ ಬ್ಲೆಂಡರ್ ಬೇರೆ ತಂದೆ, ಎರಡು ತಿಂಗಳ ತರಕಾರಿಯ ದುಡ್ಡು ಅದಕ್ಕೇ ಆಯಿತು. ಕೆಲವು ವಾರ ನಡೆಯಿತು. ಒಂದಿನ ದೊಡ್ಡವಳ ಕಣ್ಣಿಗೆ ಸಾಸ್‌ನಲ್ಲಿ ಒಂದು ಹಸಿರು ಚೂರು ಬಿತ್ತು ನೋಡಿ, ಅಲ್ಲಿಂದ ಪ್ರತಿ ತಟ್ಟೆಗೂ ತನಿಖೆ. ಪಾಲಕ್ ಹೋಗಲಿ, ಮೊದಲಿಂದ ತಿನ್ನುತ್ತಿದ್ದ ಸಾಸೂ ಕೈಬಿಟ್ಟು ಹೋಯಿತು. ಆಮೇಲೆ ನಕ್ಷತ್ರ, ಚಿಟ್ಟೆ ಆಕಾರದ ಕಟರ್ ಸೆಟ್ಟು ತಂದೆ. ಒಂದು ಕ್ಯಾರೆಟ್‌ನಲ್ಲಿ ಅರ್ಧ ನಕ್ಷತ್ರ, ಇನ್ನರ್ಧ ಚೂರುಪಾರು. ಆ ಚೂರೆಲ್ಲ ನಾನೇ ತಿಂದೆ. ಮಕ್ಕಳಿಗೆ ಅಂತಲೇ ಮಾರುವ ಪ್ಲಾಸ್ಟಿಕ್ ಚಾಕುವೂ ಅಷ್ಟೇ. ಟೊಮೆಟೊ ಸಿಪ್ಪೆ ಮೇಲೆ ಜಾರುತ್ತೆ, ಜೋರಾಗಿ ಒತ್ತಿದರೆ ರಸ ಗೋಡೆಗೆ ಚಿಮ್ಮುತ್ತೆ.

ಈಗ ದೊಡ್ಡವಳಿಗೆ, ಅಂದರೆ ಒಂಬತ್ತು ವರ್ಷದವಳಿಗೆ, ಚಿಕ್ಕದೊಂದು ನಿಜವಾದ ಹರಿತ ಚಾಕು. ಮೊಂಡು ಚಾಕುವಿನಲ್ಲೇ ಕೈ ಜಾರೋದು ಜಾಸ್ತಿ. ಮಣೆ ಅಲುಗಾಡದಂತೆ ಕೆಳಗೆ ಒದ್ದೆ ಬಟ್ಟೆ. ದುಂಡಗಿನ ತರಕಾರಿಯನ್ನು ನಾನೇ ಉದ್ದಕ್ಕೆ ಸೀಳಿ, ಚಪ್ಪಟೆ ಮುಖ ಕೆಳಗೆ ಮಾಡಿ ಕೊಡುತ್ತೇನೆ. ಬೆರಳ ತುದಿ ಒಳಗೆ ಮಡಚಿ ಹಿಡಿಯೋದು ಅಭ್ಯಾಸವಾಗುವವರೆಗೆ ಬೀನ್ಸ್ ಒಂದೇ. ಐದರ ಚಿಕ್ಕವನಿಗೆ ಊಟದ ಮೇಜಿನ ಚಾಕು, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ. ಸೊಪ್ಪು ಬಿಡಿಸೋದು, ಬಟಾಣಿ ಸುಲಿಯೋದು ಪೂರ್ತಿ ಅವನ ಖಾತೆ. ಇನ್ನೂ ಚಿಕ್ಕ ಮಕ್ಕಳಿದ್ದರೆ ಹಸಿ ಕ್ಯಾರೆಟ್ ತುಂಡು, ಇಡೀ ಚೆರ್ರಿ ಟೊಮೆಟೊ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತೆ.

ಆದರೆ ಫಲ ಕೊಟ್ಟದ್ದು ಬೇರೆಯೇ. ಒಬ್ಬರಿಗೆ ಒಂದು ತರಕಾರಿ, ಆರಿಸೋದರಿಂದ ಬಡಿಸೋವರೆಗೆ ಅದು ಅವರದ್ದೇ. ಕೊನೆಯಲ್ಲಿ ಉಪ್ಪು, ಹುಳಿ ಎಷ್ಟು ಅಂತ ತೀರ್ಮಾನಿಸುವವರೂ ಅವರೇ. ನಾನು "ತಿನ್ನು" ಅನ್ನೋ ಮಾತೇ ಆಡಲ್ಲ. ಉಪ್ಪು ಸರಿಯಿದೆಯಾ ಅಂತ ನೋಡಬೇಕಾದರೆ ಬಾಯಿಗೆ ಹಾಕಿಕೊಳ್ಳಲೇಬೇಕಲ್ವಾ? ಒಂದು ಸಲ ಸಾಲದು, ಮೂರ್ನಾಲ್ಕು ಸಲ ನೋಡಬೇಕು. ಬಡಿಸುವ ಹೊತ್ತಿಗೆ ಕಾಲು ಬಟ್ಟಲು ಖಾಲಿಯಾಗಿರುತ್ತೆ.

ಹೂಕೋಸಿನ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಅಲ್ಲೇ ಆಟ ತಿರುಗಿದ್ದು. ನೀರಲ್ಲಿ ಬೇಯಿಸಿದಾಗೆಲ್ಲ ಇಬ್ಬರೂ ಮೂಗು ಮುಚ್ಚಿಕೊಂಡು ಓಡುತ್ತಿದ್ದರು. ಹೂಕೋಸು, ಎಲೆಕೋಸು ಹೆಚ್ಚು ಹೊತ್ತು ಬೆಂದಷ್ಟೂ ಗಂಧಕದ ವಾಸನೆ ಜಾಸ್ತಿ, ಮಕ್ಕಳ ತಪ್ಪೇನಿಲ್ಲ. ಓವನ್‌ನಲ್ಲಿ 200–220 ಡಿಗ್ರಿಗೆ ಹುರಿಯೋಕೆ ಶುರು ಮಾಡಿದೆ. ಮೊದಮೊದಲು ಮೆತ್ತಗೆ, ಬೆವರಿದ ಹಾಗೆ ಬರುತ್ತಿತ್ತು. ತೇವ ಇತ್ತು, ತಟ್ಟೆಯಲ್ಲಿ ಕಿಕ್ಕಿರಿದಿತ್ತು, ಹುರಿಯುವ ಬದಲು ಹಬೆಯಲ್ಲಿ ಬೇಯುತ್ತಿತ್ತು. ಈಗ ಚಿಕ್ಕವನು ಒಂದೊಂದೇ ಹೂವನ್ನು ಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ, ಕತ್ತರಿಸಿದ ಮುಖ ಕೆಳಗೆ ಮಾಡಿ ಇಡುತ್ತಾನೆ. ಎರಡರ ನಡುವೆ ತನ್ನ ಬೆರಳು ಹೋಗುತ್ತಾ ಅಂತ ನೋಡುತ್ತಾನೆ, ಹೋಗದಿದ್ದರೆ ಒಂದನ್ನು ಎತ್ತಿ ಎರಡನೇ ತಟ್ಟೆಗೆ. ಇಪ್ಪತ್ತೈದು ನಿಮಿಷ ಹೆಚ್ಚುಕಮ್ಮಿ. ಅಂಚು ಕಂದಾದ ಚಿಕ್ಕ ಚಿಕ್ಕ ಪುಡಿ ಹೂಗಳಿಗೆ ಇಬ್ಬರ ನಡುವೆ ಜಗಳವೇ ಆಗುತ್ತೆ. ಮೇಲೆ ಉದುರಿಸುವ ಪುಡಿ ಒಂದಿದೆ. ಅದರಲ್ಲಿ ಏನೇನಿದೆ ಅಂತ ಕೇಳಬೇಡಿ.

ನಡುವೆ ಪ್ರಯೋಗಗಳೂ ಆದವು. ನೇರಳೆ ಎಲೆಕೋಸು ಕುದಿಸಿದ ನೀರನ್ನು ಲೋಟಗಳಿಗೆ ಹಾಕಿ ಒಂದಕ್ಕೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡಾ ಹಾಕಿದರೆ, ಒಂದು ಗುಲಾಬಿ, ಇನ್ನೊಂದು ನೀಲಿ-ಹಸಿರು. ಆಂಥೋಸಯನಿನ್ ಅನ್ನೋ ಬಣ್ಣದ ಕೆಲಸ ಅದು. ಅವತ್ತಿಂದ ನಿಂಬೆ ಹಿಂಡಿದ ಗುಲಾಬಿ ಎಲೆಕೋಸು ಸಲಾಡ್‌ಗೆ ಎರಡನೇ ಸಲ ಕೇಳುತ್ತಾರೆ. ಬೀನ್ಸ್‌ಗೆ ಒಲೆ ಮೇಲಿರುವಾಗಲೇ ನಿಂಬೆ ಹಾಕಿದರೆ ಹಸಿರು ಮಂಕಾಗುತ್ತೆ, ಬಡಿಸುವಾಗ ಹಾಕಿದರೆ ಹಾಗೇ ಉಳಿಯುತ್ತೆ. ಇದನ್ನೂ ಎರಡು ಬಟ್ಟಲಲ್ಲಿ ಮಾಡಿ ತೋರಿಸಿದ್ದು ದೊಡ್ಡವಳೇ. ಕ್ಯಾರೆಟ್ ತಲೆ ನೀರಲ್ಲಿಟ್ಟರೆ ಎಲೆ ಬರುತ್ತೆ, ಕ್ಯಾರೆಟ್ ಬರಲ್ಲ, ಚಿಕ್ಕವನಿಗೆ ಅದರ ಬೇಜಾರು ವಾರಗಟ್ಟಲೆ ಇತ್ತು. ಬೀಟ್‌ರೂಟ್ ಮಾಡುವ ದಿನ ಮಾತ್ರ, ನಾಳೆ ಮೂತ್ರ ಕೆಂಪಾದರೆ ಹೆದರಬೇಡಿ ಅಂತ ಮೊದಲೇ ಹೇಳಿಬಿಡಿ. ಬಿಸಿ ಸೂಪ್ ರುಬ್ಬೋದು ಯಾವತ್ತೂ ನನ್ನದೇ. ಹಬೆ ತುಂಬಿದರೆ ಮುಚ್ಚಳ ಹಾರುತ್ತೆ.

ಲೆಕ್ಕಕ್ಕೆ ಬರೋಣ. ಎರಡರಿಂದ ಐದು ವರ್ಷದವರಿಗೆ ತರಕಾರಿ, ಹಣ್ಣು ಸೇರಿ ದಿನಕ್ಕೆ ಕನಿಷ್ಠ 250 ಗ್ರಾಂ, ಆರರಿಂದ ಒಂಬತ್ತರವರಿಗೆ 350 ಗ್ರಾಂ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಶುರುವಿನಲ್ಲಿ ಸುಮ್ನೆ ಒಂದು ವಾರ ತೂಕ ಹಾಕಿ ನೋಡಿದ್ದೆ, ಹಣ್ಣು ಸೇರಿಸಿದರೂ ಒಬ್ಬೊಬ್ಬರದೂ ದಿನಕ್ಕೆ ನೂರು ಗ್ರಾಂ ಆಸುಪಾಸು. ಈಗ ಒಳ್ಳೆ ದಿನಗಳಲ್ಲಿ ಮುನ್ನೂರರ ಹತ್ತಿರ ಬರುತ್ತೆ. ಮೊದಲು ತಂದ ತರಕಾರಿಯಲ್ಲಿ ಮೂರನೇ ಒಂದು ಭಾಗ ಕಸದ ಬುಟ್ಟಿಗೆ ಹೋಗುತ್ತಿತ್ತು, ಈಗ ಸಿಪ್ಪೆ ಬಿಟ್ಟರೆ ಹೆಚ್ಚೇನಿಲ್ಲ. ಹೊರಗಿನ ಊಟ ತರಿಸೋದೂ ಅರ್ಧಕ್ಕಿಂತ ಕಮ್ಮಿಯಾಗಿದೆ. ಬ್ಲೆಂಡರ್‌ಗೆ ಹಾಕಿದ ದುಡ್ಡು ನಾಲ್ಕೈದು ತಿಂಗಳಲ್ಲೇ ವಾಪಸ್ ಹುಟ್ಟಿತು. ಅದನ್ನು ಅರ್ಧ ಬೆಲೆಗೆ ಮಾರಿದ್ದೂ ಆಯಿತು, ಸೂಪ್‌ಗೆ ಹಳೇ ಮಿಕ್ಸಿ ಸಾಕು. ಸಮಯ ಮಾತ್ರ ಉಳಿಯಲ್ಲ. ಅರ್ಧ ಗಂಟೆಯ ಅಡುಗೆಗೆ ಒಂದು ಗಂಟೆ, ನೆಲ ಒರೆಸೋದು ಬೇರೆ. ಅದಕ್ಕೇ ವಾರಕ್ಕೆ ಮೂರು ದಿನ ಅವರ ಪಾಳಿ, ಉಳಿದ ದಿನ ನನ್ನದೇ.

ಸೋತಿರೋದು ಬದನೆಯಲ್ಲಿ. ದೊಡ್ಡವಳು ಚೆನ್ನಾಗಿ ಹೆಚ್ಚುತ್ತಾಳೆ, ಹುರಿಯುತ್ತಾಳೆ, ಎಲ್ಲರಿಗೂ ಬಡಿಸುತ್ತಾಳೆ, ತಾನು ಮುಟ್ಟಲ್ಲ. ಉಪ್ಪಿನ ರುಚಿ ನೋಡೋಕೂ ತಮ್ಮನನ್ನೇ ಕರೆಯುತ್ತಾಳೆ. ಉಪ್ಪು ಸವರಿ ನೀರು ಬಿಡಿಸಿ ನೋಡಿದೆವು, ತೆಳ್ಳಗೆ ಹೆಚ್ಚಿ ಗರಿಗರಿ ಮಾಡಿ ನೋಡಿದೆವು. ಹೊಸ ರುಚಿ ಹಿಡಿಸೋಕೆ ಎಂಟರಿಂದ ಹದಿನೈದು ಸಲ ಎದುರಿಗೆ ಇಡಬೇಕು ಅಂತಾರೆ, ನಾವು ಅದನ್ನೂ ಎಂದೋ ದಾಟಿದ್ದೇವೆ. ಬದನೆ ತಿನ್ನಿಸಿ ಗೆದ್ದವರು ಯಾರಾದರೂ ಇದ್ದರೆ ಹೇಗೆ ಅಂತ ಹೇಳಿ, ಬದಲಿಗೆ ನನ್ನ ಹೂಕೋಸಿನ ಪುಡಿಯ ಅಳತೆ ಕೊಡುತ್ತೇನೆ. ಅಕ್ಕನಿಗೂ ಇನ್ನೂ ಕೊಟ್ಟಿಲ್ಲ ಅದನ್ನ.